ಎಕ್ಸ್1 ಕಾರಿನ ಇಂಜಿನ್ ಅಡ್ಡ ತಿರುಗಿದ್ದು ಹಣ ಉಳಿಸುವುದಕ್ಕೆ ಮಾತ್ರವೇ?

ಮೊದಲು ಹಿಂದಿನ ಚಕ್ರಗಳ ಬಲದಿಂದ ಓಡುತ್ತಿದ್ದ ಬಿಎಂಡಬ್ಲ್ಯು ಎಕ್ಸ್1 ಅನ್ನು ಮುಂಚಕ್ರ ಚಾಲನೆಗೆ ಬದಲಾಯಿಸಿದ್ದು ಖರ್ಚು ಕಡಿಮೆ ಮಾಡುವುದಕ್ಕಾಗಿಯೇ, ಅದರಿಂದ ಕಾರಿನ ಗುಣ ಕೆಟ್ಟಿತೇ ಎಂದು ನೀವು ಕೇಳಿದ್ದೀರಿ. ನಾನು ಕಾಸರಗೋಡಿನ ಬದಿಯಡ್ಕದ ಕಡೆಯವನು. ವಾಹನ ದುರಸ್ತಿಯ ಕೆಲಸದಲ್ಲಿದ್ದು, ಮೊದಲ ಎರಡು ತಲೆಮಾರಿನ ಎಕ್ಸ್1ಗಳನ್ನೂ ಅಡಿಗೆ ಮಲಗಿ ನೋಡಿದವನು. ಖರ್ಚಿನ ಲೆಕ್ಕ ಇದ್ದದ್ದು ನಿಜ, ಆದರೆ ಮುಖ್ಯ ಕಾರಣ ಜಾಗ ಎಂಬುದು ನನ್ನ ಅಭಿಪ್ರಾಯ.

2009ರಲ್ಲಿ ಜರ್ಮನಿಯ ಲೈಪ್‌ಜಿಗ್ ಕಾರ್ಖಾನೆಯಿಂದ ಹೊರಬಂದ ಮೊದಲ ಎಕ್ಸ್1, ಎತ್ತರದ ಗಾಡಿಯಂತೆ ಕಂಡರೂ ಬುಡದಲ್ಲಿ 3 ಸೀರೀಸ್ ಕಾರಿನ ತಳಹದಿಯದೇ. ಇಂಜಿನ್ ಉದ್ದಕ್ಕೆ, ಅದರ ಬೆನ್ನಿಗೆ ಗೇರ್‌ಬಾಕ್ಸ್, ನಡುವೆ ಬಲವನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ದಂಡ, ಅಂದರೆ ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಆ ಬಲವನ್ನು ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್. ಈ ಸಾಲು ಬೇಡುವ ಉದ್ದವೆಲ್ಲ ಮೂತಿಗೆ ಹೋಗುವುದರಿಂದ, ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) 2760 ಮಿಲಿಮೀಟರ್ ಇದ್ದರೂ ಹಿಂದೆ ಕುಳಿತವರ ಮೊಣಕಾಲಿಗೆ ಉಳಿಯುತ್ತಿದ್ದ ಜಾಗ ಕಡಿಮೆ. ನಡುವೆ ಕುಳಿತವನ ಕಾಲಂತೂ ಶಾಫ್ಟಿನ ಉಬ್ಬಿನ ಮೇಲೆಯೇ. ಡಿಕ್ಕಿಯ ಅಳತೆ 420 ಲೀಟರ್.

2015ರ ಎರಡನೆಯ ತಲೆಮಾರಿನಲ್ಲಿ ಇಂಜಿನನ್ನು ಅಡ್ಡಲಾಗಿ ಕೂರಿಸಿ, ಬಲವನ್ನು ಮುಂಚಕ್ರಗಳಿಗೆ ಕೊಟ್ಟರು. ವೀಲ್‌ಬೇಸ್ 2670ಕ್ಕೆ ಇಳಿಯಿತು, ಒಟ್ಟು ಉದ್ದವೂ 15 ಮಿಲಿಮೀಟರ್ ತಗ್ಗಿತು, ಎತ್ತರ ಮಾತ್ರ 53 ಮಿಲಿಮೀಟರ್ ಏರಿತು. ಹೀಗೆ ಹೊರಗೆ ಗಿಡ್ಡವಾದ ಗಾಡಿಯೊಳಗೆ ಹಿಂದಿನ ಸೀಟು ಸಲೀಸಾಗಿ, ಡಿಕ್ಕಿ 505 ಲೀಟರಿಗೆ ಬೆಳೆದದ್ದನ್ನು ನೋಡಿದರೆ ಈ ಬದಲಾವಣೆಯ ಅರ್ಥ ತಿಳಿಯುತ್ತದೆ. ಕುಟುಂಬಕ್ಕೆಂದು ಕೊಳ್ಳುವ ಸಣ್ಣ ಎಸ್‌ಯುವಿಯಲ್ಲಿ ಇದು ಸಣ್ಣ ಲಾಭವಲ್ಲ.

ಇನ್ನು ಹಣದ ವಿಷಯ. ಹೊಸ ತಳಹದಿಯನ್ನು ಎಕ್ಸ್1ಗಾಗಿಯೇ ಮಾಡಿದ್ದಲ್ಲ. ಅದೇ ಸಂಸ್ಥೆಯ ಮಿನಿ ಕಾರುಗಳಿಗೂ, 2014ರಲ್ಲಿ ಬಂದ 2 ಸೀರೀಸ್ ಆಕ್ಟಿವ್ ಟೂರರ್‌ಗೂ ಅದೇ ಆಧಾರ. ಇಂಜಿನ್‌ಗಳಲ್ಲೂ ಅಷ್ಟೇ: ಸಿಲಿಂಡರಿಗೆ ಸುಮಾರು 500 ಸಿಸಿಯಂತೆ ಮೂರು ಜೋಡಿಸಿದರೆ ಒಂದೂವರೆ ಲೀಟರಿನ ಇಂಜಿನ್, ನಾಲ್ಕು ಜೋಡಿಸಿದರೆ ಎರಡು ಲೀಟರಿನದು. ಇಷ್ಟು ಮಾದರಿಗಳಿಗೆ ಖರ್ಚು ಹಂಚಿಹೋದರೆ ಉಳಿತಾಯ ಆಗಿಯೇ ಆಗುತ್ತದೆ. ಭಾರತದಲ್ಲಿ ಮಾರುವ ಎಕ್ಸ್1ಗಳನ್ನು ಚೆನ್ನೈಯಲ್ಲಿ ಜೋಡಿಸುವುದಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ: ಪೂರ್ತಿ ಕಾರಿಗಿಂತ ಬಿಡಿಭಾಗಗಳಿಗೆ ಆಮದು ಸುಂಕ ಕಡಿಮೆ ಎಂಬ ಕಾರಣಕ್ಕೆ, 2007ರಲ್ಲಿ ಆರಂಭವಾದ ಅಲ್ಲಿನ ಕಾರ್ಖಾನೆಯಲ್ಲಿ ಹಿಂಚಕ್ರದ ಎಕ್ಸ್1ಗಳನ್ನೂ ಜೋಡಿಸಿದ್ದಾರೆ.

ಕಳೆದುಕೊಂಡದ್ದು ಏನೂ ಇಲ್ಲವೆಂದು ಮಾತ್ರ ನಾನು ಹೇಳಲಾರೆ. ನಮ್ಮಲ್ಲಿ ತೋಟದ ಮನೆಗಳಿಗೆ ಇಳಿಯುವ ಮಣ್ಣಿನ ದಾರಿಗಳು ಕಡಿದಾದವು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಮೇಲೆ ಪಾಚಿ ಹಿಡಿದಿರುತ್ತದೆ. ಏರು ಹತ್ತುವಾಗ ಭಾರ ಹಿಂದಿನ ಚಕ್ರಗಳ ಕಡೆಗೆ ಸರಿಯುವುದರಿಂದ ಮುಂಚಕ್ರಗಳ ಹಿಡಿತ ಸಡಿಲವಾಗುತ್ತದೆ. ಡಿಕ್ಕಿಯಲ್ಲಿ ಎರಡು ಮೂಟೆ ಅಡಿಕೆ ಇದ್ದರಂತೂ ಇನ್ನಷ್ಟು. ಅದೇ ಹೊರೆ ಹಿಂಚಕ್ರದ ಗಾಡಿಗೆ ಉಪಕಾರಿ. ಹಳೆಯ ಜೀಪುಗಳು ತುಂಬಿದಷ್ಟೂ ಚೆನ್ನಾಗಿ ಹತ್ತುತ್ತಿದ್ದುದು ಇದೇ ಕಾರಣಕ್ಕೆ. ಸಮತಟ್ಟಾದ ಒದ್ದೆ ರಸ್ತೆಯಲ್ಲಿ ಲೆಕ್ಕ ತಿರುಗಿಬಿಡುತ್ತದೆ. ಅಲ್ಲಿ ಇಂಜಿನಿನ ಭಾರ ಹೊತ್ತ ಮುಂಚಕ್ರಗಳೇ ಹೆಚ್ಚು ನಂಬಿಕೆಯವು.

2016ರಲ್ಲಿ ಎರಡನೆಯ ತಲೆಮಾರು ಭಾರತಕ್ಕೆ ಬಂದಾಗ ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಡೀಸೆಲ್ ಮಾದರಿ ಇತ್ತು. 2023ರ ಜನವರಿಯಲ್ಲಿ ಇಲ್ಲಿ ಬಿಡುಗಡೆಯಾದ ಮೂರನೆಯ ತಲೆಮಾರಿನ ಪೆಟ್ರೋಲ್, ಡೀಸೆಲ್ ಎರಡೂ ಮುಂಚಕ್ರದವೇ. ಆದ್ದರಿಂದ ನಿಮ್ಮ ಮನೆಯ ದಾರಿಯೂ ನಮ್ಮದರಂತೆ ಇದ್ದರೆ, ಹಳೆಯ ನಾಲ್ಕು ಚಕ್ರದ ಎಕ್ಸ್1 ಸುಸ್ಥಿತಿಯಲ್ಲಿ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ; ಹೊಸದೇ ಬೇಕೆಂದಾದರೆ ಜೂನ್ ಕಳೆದ ಮೇಲೆ, ನಾಲ್ಕು ಜನರನ್ನು ಕೂರಿಸಿಕೊಂಡು ಅದೇ ಏರಿನಲ್ಲಿ ಒಮ್ಮೆ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ.