ಮಂದೆ ಕಾಯುವವರು ಯಾರು, ಶಾಲೆಗೆ ಹೋಗುವವರು ಯಾರು?

ಪ್ರಶ್ನೆ: ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ‘ಬಾಲಕಿಯರೇ ಮೇಲುಗೈ’ ಎಂಬ ಸುದ್ದಿ ತಪ್ಪುವುದಿಲ್ಲ. ಓದು ಹೆಣ್ಣುಮಕ್ಕಳ ಹುಟ್ಟುಗುಣವೇ? ಹಾಗಾದರೆ ನನ್ನ ಅಜ್ಜಿಗೆ ರುಜು ಹಾಕಲೂ ಬರುತ್ತಿರಲಿಲ್ಲವೇಕೆ?
– ಓದುಗರೊಬ್ಬರು, ಹಾವೇರಿ

ಉತ್ತರ: ನಿಮ್ಮ ಅಜ್ಜಿಯ ಹೆಬ್ಬೆಟ್ಟಿನಲ್ಲೇ ಉತ್ತರವಿದೆ. ಎರಡು ತಲೆಮಾರಿನಲ್ಲಿ ಹುಟ್ಟುಗುಣ ಬದಲಾಗುವುದಿಲ್ಲ. ಬದಲಾಗಿರುವುದು ಮನೆಯ ಲೆಕ್ಕಾಚಾರ.

ಈ ಪಾಠ ಹೇಳುವಾಗ ನಾನು ವಿದ್ಯಾರ್ಥಿಗಳನ್ನು ಮೊದಲು ಲೆಸೊಥೊಗೆ ಕರೆದೊಯ್ಯುತ್ತೇನೆ (ನಕಾಶೆಯ ಮೇಲೆ ಮಾತ್ರ). ಸುತ್ತಲೂ ದಕ್ಷಿಣ ಆಫ್ರಿಕಾವೇ ಇರುವ ಈ ಬೆಟ್ಟದ ನಾಡಿನಲ್ಲಿ ಅಕ್ಷರ ಬಲ್ಲವರ ಪ್ರಮಾಣ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಅದಕ್ಕೆ ಒಂದು ದೊಡ್ಡ ಕಾರಣ ದನಕುರಿ. ಅಪ್ಪಂದಿರು ನೆರೆದೇಶದ ಗಣಿಗಳಿಗೆ ದುಡಿಯಲು ಹೋದರು, ಮಂದೆ ಕಾಯುವ ಕೆಲಸ ಹುಡುಗರ ಹೆಗಲಿಗೆ ಬಿತ್ತು. ಅಲ್ಲಿ ಮದುವೆಗೆ ಗಂಡಿನವರೇ ಹೆಣ್ಣಿನ ಮನೆಗೆ ದನ ಕೊಡಬೇಕು. ಹಾಗಾಗಿ ಮಂದೆಯೆಂದರೆ ಮನೆಯ ಠೇವಣಿ. ಚಿಕ್ಕ ಹುಡುಗರು ಕೂಡ ತಿಂಗಳುಗಟ್ಟಲೆ ಬೆಟ್ಟದ ದೊಡ್ಡಿಗಳಲ್ಲಿ ಉಳಿಯುತ್ತಾರೆ. ಗಣಿಯವರಂತೂ ಅಂಕಪಟ್ಟಿ ಕೇಳುತ್ತಿರಲಿಲ್ಲ. ಹೀಗೆ ಹುಡುಗಿಯರ ಪಾಲಿಗೆ ಶಾಲೆ ಬಂತು. ಇದನ್ನು ಸಮಾನತೆ ಎಂದು ತಿಳಿದರೆ ಮೋಸಹೋಗುತ್ತೇವೆ: 2006ರಲ್ಲಿ ಹೊಸ ಕಾಯ್ದೆ ಬರುವವರೆಗೂ ಮದುವೆಯಾದ ಹೆಂಗಸು ಅಲ್ಲಿನ ಕಾನೂನಿನ ಕಣ್ಣಿಗೆ ಅಪ್ರಾಪ್ತೆ!

ಬಾಂಗ್ಲಾದೇಶದಲ್ಲಿ ಸರ್ಕಾರವೇ ಮನೆಯ ಲೆಕ್ಕವನ್ನು ತಿರುಗಿಸಿತು. 1994ರಲ್ಲಿ ದೇಶದ ಹಳ್ಳಿಗಳ ಪ್ರೌಢಶಾಲೆಯ ಹುಡುಗಿಯರಿಗೆಲ್ಲ ವಿದ್ಯಾರ್ಥಿವೇತನ ಕೊಡತೊಡಗಿತು. ಶೇ 75ರಷ್ಟು ಹಾಜರಿ, ಶೇ 45ರಷ್ಟು ಅಂಕ ಇರಬೇಕು, ಮದುವೆಯಾಗಿರಬಾರದು. ಆ ಕೊನೆಯ ಷರತ್ತು ಬರೆದವರಿಗೆ ಹಳ್ಳಿಯ ಮನೆಗಳು ಚೆನ್ನಾಗಿ ಗೊತ್ತಿದ್ದವು. ಇಂದು ಅಲ್ಲಿನ ಪ್ರೌಢಶಾಲೆಗಳಲ್ಲಿ ಹುಡುಗಿಯರೇ ಹೆಚ್ಚು. ಅಫ್ಗಾನಿಸ್ತಾನದಲ್ಲಾದರೆ ಮನೆಯವರು ಒಪ್ಪಿದರೂ ಪ್ರಯೋಜನವಿಲ್ಲ. 2021ರಿಂದ ಆರನೆಯ ತರಗತಿಯಾಚೆ ಹುಡುಗಿಯರಿಗೆ ಶಾಲೆ ಮುಚ್ಚಿದೆ.

ಇನ್ನು ನಮ್ಮ ‘ಮೇಲುಗೈ’. ಅದು ಪರೀಕ್ಷೆಗೆ ಕುಳಿತವರ ಲೆಕ್ಕ. ಎಂಟನೆಯ ತರಗತಿಗೇ ಶಾಲೆ ಬಿಡಿಸಿ ಮದುವೆ ಮಾಡಿದ ಹುಡುಗಿ ಅದರಲ್ಲಿಲ್ಲ. 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಪುರುಷರಲ್ಲಿ ಶೇ 82, ಮಹಿಳೆಯರಲ್ಲಿ ಶೇ 68. ಪರೀಕ್ಷೆಯವರೆಗೆ ಬಂದ ಹುಡುಗಿಯರು ಮುಂದಿರುವುದಕ್ಕೆ ನನ್ನದೊಂದು ಗುಮಾನಿ ಇದೆ: ಸಂಜೆಯಾದರೆ ಹುಡುಗ ಬೀದಿಗೆ ಹೋಗಬಹುದು, ಹುಡುಗಿ ಮನೆಯಲ್ಲೇ ಇರಬೇಕು. ಅವಳು ಪುಸ್ತಕ ಹಿಡಿದು ಕುಳಿತಷ್ಟು ಹೊತ್ತು ಪಾತ್ರೆ ತೊಳೆಯಲು ಯಾರೂ ಕರೆಯುವುದಿಲ್ಲ.

ಪ್ರಶ್ನೆ: ಮಗಳು ಡಿಗ್ರಿ ಮುಗಿಸಿದರೆ ಕೆಲಸ ತಾನಾಗಿ ಸಿಗುತ್ತದಲ್ಲವೇ?
– ತಂದೆಯೊಬ್ಬರು, ಶಿರಸಿ

ಉತ್ತರ: ತಾನಾಗಿ ಸಿಗುವುದಿಲ್ಲ. ಇರಾನ್‌ನಲ್ಲಿ ಈ ಶತಮಾನದ ಆರಂಭದಲ್ಲೇ ವಿಶ್ವವಿದ್ಯಾಲಯ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳಿದ್ದರು. ದುಡಿಮೆಗೆ ಇಳಿದಿರುವ ಹೆಂಗಸರು ಮಾತ್ರ ಐವರಲ್ಲಿ ಒಬ್ಬರಷ್ಟೂ ಇಲ್ಲ. ಕೆಲಸ ಬೇರೆ ಊರಿನಲ್ಲಿ ಸಿಕ್ಕರೆ ಮಗಳನ್ನು ಕಳುಹಿಸುತ್ತೀರಾ? ಅವಳು ಕೋರ್ಸ್ ಆರಿಸಿಕೊಳ್ಳುವ ಮೊದಲೇ ಆ ಮಾತು ಮನೆಯಲ್ಲಿ ಆಗಲಿ.