‘ಖಾಲಿ ಹೊಟ್ಟೇಲಿ ಬನ್ನಿ’ ಅಂದರೆ ಸಾಕಾ?

ಪ್ರಶ್ನೆ: ನಮ್ಮ ಅತ್ತೆಗೆ 62 ವರ್ಷ. ಬಿಪಿ, ಶುಗರ್ ಎರಡೂ ಇವೆ. ಹೊಟ್ಟೆನೋವು ಅಂತ ಹೋದಾಗ ಡಾಕ್ಟರು ಹೊಟ್ಟೆ, ಕಿಬ್ಬೊಟ್ಟೆಯ ಸ್ಕ್ಯಾನಿಂಗ್ ಬರೆದುಕೊಟ್ಟರು. ಕೌಂಟರಿನಲ್ಲಿ ‘ನಾಳೆ ಖಾಲಿ ಹೊಟ್ಟೇಲಿ ಬನ್ನಿ’ ಎಂದಷ್ಟೇ ಹೇಳಿದರು. ಅತ್ತೆ ರಾತ್ರಿಯಿಂದ ನೀರೂ ಮುಟ್ಟಲಿಲ್ಲ, ಬಿಪಿ ಮಾತ್ರೆಯನ್ನೂ ಬಿಟ್ಟರು. ಮೊದಲ ಬಸ್ಸಿಗೆ ಹೋದೆವು. ಅಲ್ಲಿ ‘ಮೂತ್ರಕೋಶ ತುಂಬಿಲ್ಲ, ನೀರು ಕುಡಿದು ಕಾಯಿರಿ’ ಅಂದರು. ಕಾದು ಕಾದು ಅತ್ತೆಗೆ ತಲೆಸುತ್ತು ಬಂತು. ಸ್ಕ್ಯಾನಿಂಗ್ ಆಗದೆ ವಾಪಸ್ ಬಂದೆವು. ತಪ್ಪು ನಮ್ಮದಾ?
– ಒಬ್ಬ ಓದುಗರು, ಅರಸೀಕೆರೆ

ಉತ್ತರ: ಇಲ್ಲಮ್ಮ, ತಪ್ಪು ನಿಮ್ಮದಲ್ಲ. ನಾನು ನರ್ಸಾಗಿ ಬಹಳ ಕಾಲ ಸ್ಕ್ಯಾನಿಂಗ್ ವಿಭಾಗದಲ್ಲೇ ಇದ್ದವಳು. ಹೀಗೆ ಹಸಿದು ಬಂದು ವಾಪಸ್ ಹೋಗುವ ಹಿರಿಯರನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಕಾರಣ ತಿಳಿದರೆ ನೆನಪಿಡುವುದು ಸುಲಭ. ಊಟ ಮಾಡಿದರೆ ಪಿತ್ತಕೋಶ ಕುಗ್ಗುತ್ತದೆ, ಒಳಗಿನ ಕಲ್ಲು ಸರಿಯಾಗಿ ಕಾಣುವುದಿಲ್ಲ. ಕರುಳಿನಲ್ಲಿ ಗ್ಯಾಸ್ ಜಾಸ್ತಿಯಾದರೆ ಅದರ ಹಿಂದಿನ ಅಂಗಗಳು ಮರೆಯಾಗುತ್ತವೆ. ಅದಕ್ಕೇ 6ರಿಂದ 8 ಗಂಟೆ ಏನೂ ತಿನ್ನಬಾರದು ಅನ್ನುವುದು. ಕಿಬ್ಬೊಟ್ಟೆಯದು ಬೇರೆ ಲೆಕ್ಕ. ಮೂತ್ರಕೋಶ ತುಂಬಿದ್ದರೆ ಅದು ಕರುಳನ್ನು ಮೇಲಕ್ಕೆ ಸರಿಸುತ್ತದೆ, ಗರ್ಭಕೋಶ ಚೆನ್ನಾಗಿ ಕಾಣುತ್ತದೆ. ನಿಮ್ಮ ಅತ್ತೆಗೆ ಎರಡೂ ಬೇಕಿತ್ತು. ಹೇಳಿದ್ದು ಒಂದೇ.

ಕೌಂಟರಿನವರು ಹೀಗೆ ಹೇಳಬೇಕಿತ್ತು: ‘ರಾತ್ರಿ 10ಕ್ಕೆ ಊಟ ಮುಗಿಸಿ. ಬೆಳಿಗ್ಗೆ ಕಾಫಿ, ತಿಂಡಿ ಬೇಡ. ಇಲ್ಲಿಗೆ ಬಂದ ಮೇಲೆ 8 ಗಂಟೆಗೆ ಮೂತ್ರಕ್ಕೆ ಹೋಗಿ ಬಂದು ನಾಲ್ಕೈದು ಲೋಟ ಬರೀ ನೀರು ಕುಡಿಯಿರಿ. 9ಕ್ಕೆ ಸ್ಕ್ಯಾನಿಂಗ್, ಅದು ಮುಗಿಯುವ ತನಕ ಮತ್ತೆ ಹೋಗಬೇಡಿ.’ ಇಷ್ಟು ಹೇಳೋಕೆ ಒಂದು ನಿಮಿಷ ಸಾಕು ಅಲ್ವಾ? ‘ಎಂಟು ಗಂಟೆ ಮುಂಚೆಯಿಂದ’ ಅಂತ ಲೆಕ್ಕ ಹಾಕಲು ಬಿಡದೆ ಗಡಿಯಾರದ ಹೊತ್ತನ್ನೇ ಚೀಟಿಯ ಹಿಂದೆ ಕನ್ನಡದಲ್ಲಿ ದಪ್ಪಗೆ ಬರೆದುಕೊಡಬೇಕು. ಓದಲು ಬಾರದವರಾದರೆ ‘ಈಗ ನೀವು ಹೇಳಿ ನೋಡೋಣ’ ಎಂದು ಅವರ ಬಾಯಿಂದಲೇ ಕೇಳಬೇಕು. ನಾವು ಹಾಗೆ ಕೇಳುತ್ತಿದ್ದೆವು. ಅರ್ಥವಾಗದೇ ಉಳಿದದ್ದು ಅಲ್ಲೇ ಗೊತ್ತಾಗುತ್ತಿತ್ತು.

ಮಾತ್ರೆಯ ವಿಷಯವನ್ನು ಕೇಳದೆ ಬರಲೇಬೇಡಿ. ಬಿಪಿ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ಗುಟುಕು ನೀರಿನಲ್ಲಿ ತೆಗೆದುಕೊಳ್ಳಲು ಹೇಳುತ್ತಾರೆ. ಶುಗರ್ ಮಾತ್ರೆ, ಇನ್ಸುಲಿನ್ ಹಾಗಲ್ಲ. ಊಟವಿಲ್ಲದೆ ತೆಗೆದುಕೊಂಡರೆ ಶುಗರ್ ಇಳಿದುಬಿಡಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಿ, ನೀವಾಗಿ ನಿಲ್ಲಿಸಬೇಡಿ. ಕಿಡ್ನಿ, ಹೃದಯದ ತೊಂದರೆಗೆ ನೀರು ಕಡಿಮೆ ಕುಡಿಯಲು ಹೇಳಿದ್ದರೆ ಅದನ್ನೂ ಹೇಳಿ.

ಎಲ್ಲ ಪರೀಕ್ಷೆಗೂ ಉಪವಾಸ ಬೇಕಿಲ್ಲ. ಮೂರು ತಿಂಗಳ ಶುಗರ್ ಸರಾಸರಿ ನೋಡುವ ಎಚ್‌ಬಿಎ1ಸಿಗೆ ತಿಂದೇ ಹೋಗಬಹುದು. ಫಾಸ್ಟಿಂಗ್ ಶುಗರ್ ಪರೀಕ್ಷೆಗೂ ಬರೀ ನೀರು ಕುಡಿಯಬಹುದು. ಎಂಆರ್‌ಐ ಆದರೆ ಸೇಫ್ಟಿ ಪಿನ್, ಕಾಲುಂಗುರ, ತಾಳಿ ಎಲ್ಲ ತೆಗೆಯಬೇಕು. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಹೆಸರು ಬರೆಸುವಾಗಲೇ ತಿಳಿಸಬೇಕು.

ಮುಂದಿನ ಸಲ ಅತ್ತೆಗೆ ಶುಗರ್ ಇದೆ ಎಂದು ಹೇಳಿ ಬೆಳಗಿನ ಮೊದಲ ಸರದಿಯನ್ನೇ ಕೇಳಿ. ಡಬ್ಬಿಯಲ್ಲಿ ತಿಂಡಿ ಇಟ್ಟುಕೊಂಡಿರಿ, ಸ್ಕ್ಯಾನಿಂಗ್ ಮುಗಿದ ಕೂಡಲೇ ತಿನ್ನಲಿ. ಕಾಯುವಾಗ ಬೆವರು, ಕೈನಡುಕ, ತಲೆಸುತ್ತು ಬಂದರೆ ಸರದಿ ತಪ್ಪುತ್ತದೆಂದು ಸುಮ್ನೆ ಕೂರಬೇಡಿ. ಸಿಸ್ಟರನ್ನು ಕರೆಯಿರಿ, ಎಚ್ಚರವಾಗಿದ್ದರೆ ಆ ಕ್ಷಣವೇ ಸಕ್ಕರೆ ನೀರು ಕುಡಿಸಿ. ಸ್ಕ್ಯಾನಿಂಗ್ ಇನ್ನೊಂದು ದಿನವಾದರೂ ಆದೀತು.