ಹೆಣೆದ ಬೇಸಿಗೆ ಟಾಪ್ ಮೈಗೆ ಸರಿಯಾಗಿ ಕೂರಬೇಕಾದರೆ

ಪ್ರಶ್ನೆ: ನಮಸ್ತೆ ಮೇಡಂ. ನನಗೆ ನಿಟ್ಟಿಂಗ್ ಚೆನ್ನಾಗಿ ಬರುತ್ತದೆ. ಸ್ವೆಟರ್, ಟೋಪಿ, ಮಕ್ಕಳ ಕೋಟು ಎಲ್ಲ ಹೆಣೆದಿದ್ದೇನೆ. ಈ ಬೇಸಿಗೆಗೆ ಕಾಟನ್ ನೂಲಿನಲ್ಲಿ ತೋಳಿಲ್ಲದ ಟಾಪ್ ಹೆಣೆಯಬೇಕು ಅಂತ ಆಸೆ. ಹೊರದೇಶದ ಒಂದು ಪ್ಯಾಟರ್ನ್ ಕೊಂಡಿದ್ದೇನೆ. ಅದರಲ್ಲಿ 34, 36, 38, 40 ಸೈಜುಗಳಿವೆ. ಹೆಣೆದಾದ ಮೇಲೆ ಟಾಪ್ ಎದೆ ಅಳತೆಗಿಂತ 2 ಇಂಚು ಸಡಿಲ ಇರುತ್ತದಂತೆ. ನನ್ನ ಎದೆ ಸುತ್ತಳತೆ 38 ಇಂಚು. ಕಂಕುಳ ಕೆಳಗೇ ಟೇಪು ಸುತ್ತಿದರೆ 34. ಹಿಂದೊಮ್ಮೆ ಉಲ್ಲನ್‌ನಲ್ಲಿ 38 ಸೈಜೇ ಹೆಣೆದಿದ್ದೆ. ಭುಜ ಜಾರುತ್ತದೆ, ಕಂಕುಳ ಹತ್ತಿರ ಬಟ್ಟೆ ಗುಡ್ಡೆಯಾಗುತ್ತದೆ, ಅಂಚು ಮುಂದುಗಡೆ ಮಾತ್ರ ಮೇಲಕ್ಕೆ ಎಳೆದುಕೊಂಡಿರುತ್ತದೆ. 36 ಹೆಣೆದರೆ ಎದೆಯ ಹತ್ತಿರ ಬಿಗಿ ಆಗಲ್ವಾ? ಇನ್ನೊಂದು ವಿಷಯ. ಪ್ಯಾಟರ್ನ್ 4 ಎಂಎಂ ಕಡ್ಡಿಯಲ್ಲಿ 4 ಇಂಚಿಗೆ 22 ಸ್ಟಿಚ್, 30 ಸಾಲು ಕೇಳುತ್ತದೆ. ನನಗೆ 20 ಸ್ಟಿಚ್, 28 ಸಾಲು ಬರುತ್ತಿದೆ.
— ಓದುಗರು, ಮಲ್ಲೇಶ್ವರ

ಉತ್ತರ: 36 ಸೈಜನ್ನೇ ಹೆಣೆಯಿರಿ. ಆದರೆ ಅದರ ಮುಂಭಾಗವನ್ನು ಮಾತ್ರ ನಿಮ್ಮ ಮೈಗೆ ತಕ್ಕಂತೆ ಬದಲಾಯಿಸಿಕೊಳ್ಳಿ. ಭುಜ ಜಾರುವುದಕ್ಕೂ ಕಂಕುಳದ ಗುಡ್ಡೆಗೂ ಮೂಲ ಒಂದೇ. ಸೈಜನ್ನು ಎದೆಯ ಅತಿ ಅಗಲದ ಜಾಗದಿಂದ ಆರಿಸಿಕೊಂಡಿದ್ದೀರಿ. ಸೈಜು ದೊಡ್ಡದಾದಾಗ ಎದೆ ಒಂದೇ ದೊಡ್ಡದಾಗುವುದಿಲ್ಲ. ಭುಜ, ಕತ್ತು, ಕಂಕುಳ, ಬೆನ್ನು ಎಲ್ಲವೂ ಜೊತೆಗೇ ದೊಡ್ಡದಾಗುತ್ತವೆ. ನಿಮ್ಮ ಬೆನ್ನು, ಭುಜ 36ರ ಅಳತೆಯವು. 38 ಬೇಕಾಗಿರುವುದು ಮುಂದುಗಡೆ ಒಂದು ಕಡೆಗೆ ಮಾತ್ರ.

ಸಾಮಾನ್ಯವಾಗಿ ಪ್ಯಾಟರ್ನ್ ಬರೆಯುವವರು ಎದೆಯ ಮೇಲ್ಭಾಗಕ್ಕೂ (ಕಂಕುಳ ಕೆಳಗೇ ಸುತ್ತಿದ ಅಳತೆ) ಪೂರ್ತಿ ಎದೆಗೂ ಸುಮಾರು 2 ಇಂಚು ವ್ಯತ್ಯಾಸ ಅಂತ ಇಟ್ಟುಕೊಂಡಿರುತ್ತಾರೆ. ಹಾಗಾಗಿ ಮೇಲ್ಭಾಗದ ಅಳತೆಗೆ 2 ಸೇರಿಸಿ ಸೈಜು ಆರಿಸಿ. ನಿಮ್ಮದು 34, ಅದಕ್ಕೆ 2 ಸೇರಿದರೆ 36. ನಿಮಗೆ ಇರುವ ವ್ಯತ್ಯಾಸ 4 ಇಂಚು. ಅಂದರೆ ಪ್ಯಾಟರ್ನ್ ಎಣಿಸದೆ ಬಿಟ್ಟಿರುವುದು ಇನ್ನೆರಡು ಇಂಚು. ಅದನ್ನು ಪೂರ್ತಿ ಮುಂಭಾಗಕ್ಕೆ ಕೊಡಬೇಕು, ಹಿಂಭಾಗ ಮುಟ್ಟಬಾರದು. ಬ್ಲೌಸ್ ಹೊಲಿಯುವ ಟೇಲರ್ ಮುಂಭಾಗದಲ್ಲಿ ಡಾರ್ಟ್ ಹಿಡಿಯುವುದೂ ಇದೇ ಕಾರಣಕ್ಕೆ ಅಲ್ವಾ? ಹೆಣಿಗೆಯಲ್ಲಿ ಬಟ್ಟೆ ಮಡಚಿ ಹೊಲಿಯುವ ಬದಲು ಸ್ಟಿಚ್ ಸೇರಿಸಿ, ಸಾಲು ಸೇರಿಸಿ ಅದೇ ಆಕಾರ ತರುತ್ತೇವೆ.

ಲೆಕ್ಕಕ್ಕೆ ಮುಂಚೆ ಮಾದರಿ ತುಂಡಿನ, ಅಂದರೆ ಎಣಿಕೆ ನೋಡಲು ಮೊದಲು ಹೆಣೆಯುವ ತುಂಡಿನ ಮಾತು. 22 ಬರಲಿ ಅಂತ ಸುಮ್ನೆ ಬಿಗಿಯಾಗಿ ಎಳೆದು ಹೆಣೆಯಬೇಡಿ. ಒಮ್ಮೆ 3.5 ಎಂಎಂ ಕಡ್ಡಿಯಲ್ಲಿ ಇನ್ನೊಂದು ತುಂಡು ಹೆಣೆದು, ಎರಡನ್ನೂ ಕೈಯಲ್ಲಿ ಹಿಡಿದು ನೋಡಿ. ಕಾಟನ್ ನೂಲು ಬಿಗಿಯಾಗಿ ಹೆಣೆದರೆ ಬಟ್ಟೆ ದಪ್ಪಗೆ, ಬಿರುಸಾಗಿ ನಿಲ್ಲುತ್ತದೆ. ಏಪ್ರಿಲ್ ಮಧ್ಯಾಹ್ನ ಬಸ್ಸಿನಲ್ಲಿ ಮೆಜೆಸ್ಟಿಕ್ ತಲುಪುವಷ್ಟರಲ್ಲಿ ಬೆನ್ನು ಒದ್ದೆ. 4 ಎಂಎಂ ತುಂಡು ಮೆತ್ತಗೆ ಇಳಿಬೀಳುತ್ತಿದ್ದು, ಒಳಬಟ್ಟೆ ಕಾಣುವಷ್ಟು ತೆಳುವಲ್ಲದಿದ್ದರೆ ಅದನ್ನೇ ಇಟ್ಟುಕೊಳ್ಳಿ. ಬಟ್ಟೆ ನಿಮಗೆ ಒಪ್ಪಬೇಕು. ಎಣಿಕೆಯನ್ನು ಆಮೇಲೆ ಬದಲಾಯಿಸಿಕೊಳ್ಳಬಹುದು.

ತುಂಡು ದೊಡ್ಡದಿರಲಿ, ಪ್ರತಿ ಬದಿ 6 ಇಂಚಾದರೂ ಬೇಕು. ಟಾಪನ್ನು ಹೇಗೆ ಒಗೆಯುತ್ತೀರೋ ಹಾಗೇ ಅದನ್ನೂ ಒಗೆದು ಒಣಗಿಸಿ, ನಡುವಿನ 4 ಇಂಚು ಅಳೆಯಿರಿ. ಆಮೇಲೆ ಅದರ ಮೇಲಂಚನ್ನು ತಂತಿಗೆ ಸಿಕ್ಕಿಸಿ, ಕೆಳಂಚಿಗೆ ನಾಲ್ಕೈದು ಬಟ್ಟೆ ಕ್ಲಿಪ್ ಹಾಕಿ ಒಂದು ರಾತ್ರಿ ನೇತುಹಾಕಿ. ಬೆಳಗ್ಗೆ ಮತ್ತೆ ಉದ್ದ ಅಳೆಯಿರಿ. ಉಲ್ಲನ್‌ನಲ್ಲಿ ಈ ಕೆಲಸ ಅಷ್ಟು ಮುಖ್ಯವಲ್ಲ. ಉಲ್ಲನ್ ಎಳೆದರೂ ಹಿಂದಕ್ಕೆ ಬರುತ್ತದೆ. ಕಾಟನ್‌ಗೆ ಆ ಗುಣ ಕಡಿಮೆ, ಜೊತೆಗೆ ನೂಲೇ ಭಾರ. ಟಾಪ್ ತನ್ನ ತೂಕಕ್ಕೆ ತಾನೇ ಕೆಳಗೆ ಇಳಿಯುತ್ತದೆ. ತುಂಡಿನ 4 ಇಂಚು ನೇತಾಡಿ ನಾಲ್ಕೂಕಾಲು ಆಯಿತು ಅಂದುಕೊಳ್ಳಿ. ಆಗ 20 ಇಂಚು ಉದ್ದದ ಟಾಪ್ ಹಾಕಿಕೊಂಡಾಗ 21 ಇಂಚು ದಾಟುತ್ತದೆ. ಕಂಕುಳವೂ ಅದೇ ಲೆಕ್ಕದಲ್ಲಿ ಕೆಳಗೆ ಬರುತ್ತದೆ. ಅಷ್ಟನ್ನು ಮೊದಲೇ ಕಡಿಮೆ ಹೆಣೆಯಬೇಕು. ಟಾಪನ್ನು ಸುತ್ತಲೂ ಗುಂಡಾಗಿ ಹೆಣೆಯುವುದಾದರೆ ತುಂಡನ್ನೂ ಗುಂಡಾಗಿಯೇ ಹೆಣೆದು ನೋಡಿ. ಎಷ್ಟೋ ಜನರ ಕೈಯಲ್ಲಿ ಪರ್ಲ್ (ಉಲ್ಟಾ) ಸಾಲು ನಿಟ್ (ಸೀದಾ) ಸಾಲಿಗಿಂತ ಸಡಿಲ ಬರುತ್ತದೆ. ಗುಂಡಾಗಿ ಹೆಣೆದಾಗ ಪರ್ಲ್ ಸಾಲೇ ಇರುವುದಿಲ್ಲ, ಹಾಗಾಗಿ ಎಣಿಕೆ ಬೇರೆ ಬರುತ್ತದೆ.

ಈಗ ಲೆಕ್ಕ. 4 ಇಂಚಿಗೆ 20 ಅಂದರೆ ಇಂಚಿಗೆ 5 ಸ್ಟಿಚ್. ಪ್ಯಾಟರ್ನ್‌ನದು ಇಂಚಿಗೆ ಐದೂವರೆ. ಅರ್ಧ ಸ್ಟಿಚ್ ತಾನೇ ಅನ್ನಿಸುತ್ತದೆ. ಆದರೆ 36 ಸೈಜಿಗೆ ಪ್ಯಾಟರ್ನ್ ಸುತ್ತಲೂ 208 ಸ್ಟಿಚ್ ಹೇಳಿದ್ದರೆ, ಅವರ ಕೈಯಲ್ಲಿ ಅದು 38 ಇಂಚಿನ ಹತ್ತಿರ, ನಿಮ್ಮ ಕೈಯಲ್ಲಿ ನಲವತ್ತೊಂದೂವರೆ ಇಂಚು! ಎರಡು ಸೈಜಿನಷ್ಟು ವ್ಯತ್ಯಾಸ. ಆದ್ದರಿಂದ ಪ್ಯಾಟರ್ನ್‌ನ ಸ್ಟಿಚ್ ಎಣಿಕೆ ಬಿಟ್ಟು, ಅದರ ಜೊತೆ ಕೊಟ್ಟಿರುವ ಚಿತ್ರದ ಇಂಚುಗಳನ್ನು ತೆಗೆದುಕೊಳ್ಳಿ. 36 ಸೈಜಿನ ಹಿಂಭಾಗ 19 ಇಂಚು, ಅದನ್ನು 5ರಿಂದ ಗುಣಿಸಿದರೆ 95. ಸಮಸಂಖ್ಯೆ ಮಾಡಿಕೊಂಡು 96 ಹಾಕಿ. ಮುಂಭಾಗವೂ 96ರಿಂದಲೇ ಶುರುವಾಗಲಿ. ಸೊಂಟ ದಾಟಿದ ಮೇಲೆ ಎರಡೂ ಪಕ್ಕದಲ್ಲಿ ಸ್ವಲ್ಪ ಸ್ವಲ್ಪವೇ 5 ಸ್ಟಿಚ್ ಹೆಚ್ಚಿಸುತ್ತಾ ಬನ್ನಿ. ಎದೆ ತಲುಪುವಾಗ ಮುಂಭಾಗ 106 ಆಗುತ್ತದೆ, ಅಂದರೆ 21 ಇಂಚು. ಹಿಂದೆ 19, ಮುಂದೆ 21, ಒಟ್ಟು 40. ನಿಮ್ಮ 38ಕ್ಕೆ ಬೇಕಾದ 2 ಇಂಚು ಸಡಿಲ ಸಿಕ್ಕಿತು. ಬೆಂಗಳೂರಿನ ಬೇಸಿಗೆಗೆ ಇದಕ್ಕಿಂತ ಬಿಗಿ ಬೇಡ, ಗಾಳಿ ಆಡಬೇಕು.

ಸೇರಿಸಿದ ಆ ಹತ್ತು ಸ್ಟಿಚ್ ಮೇಲೆ ಹೋಗುತ್ತಾ ಇಲ್ಲವಾಗಬೇಕು, ಇಲ್ಲದಿದ್ದರೆ ಕಂಕುಳದ ಗುಡ್ಡೆ ಮತ್ತೆ ಬರುತ್ತದೆ. ಕಂಕುಳದ ಆಕಾರಕ್ಕೆ ಪ್ಯಾಟರ್ನ್ ಎಷ್ಟು ಸ್ಟಿಚ್ ಕಡಿಮೆ ಮಾಡು ಅನ್ನುತ್ತದೋ, ಅದಕ್ಕಿಂತ ಮುಂಭಾಗದಲ್ಲಿ ಪ್ರತಿ ಪಕ್ಕಕ್ಕೆ 5 ಜಾಸ್ತಿ ಕಡಿಮೆ ಮಾಡಿ. ಒಂದೇ ಸಾಲಿನಲ್ಲಿ ಬೇಡ, ಮೊದಲ ಎರಡು ಮೂರು ಇಂಚಿನಲ್ಲಿ ಹಂಚಿ. ವಿ ಕತ್ತಾದರೆ ಒಂದಿಷ್ಟನ್ನು ಕತ್ತಿನ ಇಳಿಜಾರಿನಲ್ಲೂ ಅಡಗಿಸಬಹುದು.

ಅಗಲ ಆಯಿತು. ಮುಂದುಗಡೆ ಅಂಚು ಮೇಲೆ ಹೋಗುವುದಕ್ಕೆ ಕಾರಣ ಅಗಲ ಅಲ್ಲ, ಉದ್ದ. ಎಷ್ಟೋ ಜನ ಇದನ್ನು ಗಮನಿಸುವುದೇ ಇಲ್ಲ. ಅಗಲ ಹೆಚ್ಚಿಸಿ, ಇನ್ನೂ ಹೆಚ್ಚಿಸಿ, ಕೊನೆಗೆ ಟೆಂಟಿನಂಥ ಟಾಪ್ ಹಾಕಿಕೊಂಡು ಓಡಾಡುತ್ತಾರೆ. ಮನೆಯಲ್ಲಿ ಯಾರಾದರೊಬ್ಬರ ಸಹಾಯ ತೆಗೆದುಕೊಂಡು ಎರಡು ಅಳತೆ ತೆಗೆಸಿ. ಭುಜದ ನಡುವಿನಿಂದ ಎದೆಯ ಮೇಲೆ ಹಾಯಿಸಿ ಸೊಂಟದವರೆಗೆ ಒಂದು. ಅದೇ ಜಾಗದಿಂದ ಬೆನ್ನಿನ ಮೇಲೆ ಸೊಂಟದವರೆಗೆ ಇನ್ನೊಂದು. ಮುಂದೆ 17, ಹಿಂದೆ ಹದಿನೈದೂವರೆ ಬಂತು ಅಂದುಕೊಳ್ಳಿ. ಒಂದೂವರೆ ಇಂಚು ಮುಂದುಗಡೆಗೆ ಜಾಸ್ತಿ ಬೇಕು. ನಿಮ್ಮ ಕೈಯಲ್ಲಿ ಇಂಚಿಗೆ 7 ಸಾಲು, ಹಾಗಾಗಿ ಹತ್ತೂವರೆ. 10 ಸಾಲು ಅಂತ ಇಟ್ಟುಕೊಳ್ಳೋಣ.

ಈ ಹತ್ತು ಸಾಲನ್ನು ಅರ್ಧ ಸಾಲುಗಳಾಗಿ, ಅಂದರೆ ಶಾರ್ಟ್ ರೋ ಆಗಿ ಹೆಣೆಯಬೇಕು. ಎದೆಯ ತುದಿಗಿಂತ ಒಂದು ಇಂಚು ಕೆಳಗೆ ಮುಗಿಯುವ ಹಾಗೆ ಜಾಗ ನೋಡಿಕೊಳ್ಳಿ. ಸಾಲಿನ ಕೊನೆವರೆಗೆ ಹೋಗದೆ, ಪಕ್ಕಕ್ಕೆ 5 ಸ್ಟಿಚ್ ಉಳಿದಾಗ ತಿರುಗಿ. ಆ ಕಡೆಯೂ 5 ಉಳಿದಾಗ ತಿರುಗಿ. ಮುಂದಿನ ಜೋಡಿಯಲ್ಲಿ 10 ಉಳಿಸಿ, ಆಮೇಲೆ 15, 20, 25. ಐದು ಜೋಡಿಗೆ ಹತ್ತು ಸಾಲು ಮುಗಿಯಿತು. ಇಂಚಿಗೆ 5 ಸ್ಟಿಚ್ ಆದ್ದರಿಂದ ಪ್ರತಿ ತಿರುವೂ ಒಂದೊಂದು ಇಂಚು ಒಳಗೆ ಬರುತ್ತದೆ. ಎದೆಯ ಎರಡು ತುದಿಗಳ ನಡುವೆ 8 ಇಂಚು ಇದ್ದರೆ, ಕೊನೆಯ ತಿರುವಿಗೂ ತುದಿಗೂ ಇನ್ನೂ ಒಂದೂವರೆ ಇಂಚಿನ ಮೇಲೆ ಅಂತರ ಉಳಿಯುತ್ತದೆ. ತಿರುವು ಯಾವತ್ತೂ ತುದಿಯನ್ನು ದಾಟಿ ನಡುವಿಗೆ ಬರಬಾರದು. ಬಂದರೆ ಎದೆಯ ಮೇಲೆ ಚೂಪಾಗಿ ಕಾಣುತ್ತದೆ. ತಿರುಗುವ ಜಾಗದಲ್ಲಿ ತೂತು ಬೀಳದಿರಲು ಜರ್ಮನ್ ಶಾರ್ಟ್ ರೋ ಒಳ್ಳೆಯದು. ತಿರುಗಿದ ಕೂಡಲೇ ಮೊದಲ ಸ್ಟಿಚ್ಚನ್ನು ಹೆಣೆಯದೆ ದಾಟಿಸಿ, ನೂಲನ್ನು ಮೇಲಿಂದ ಹಿಂದಕ್ಕೆ ಬಲವಾಗಿ ಎಳೆಯಿರಿ. ಆ ಸ್ಟಿಚ್ ಎರಡು ಕಾಲಿನದಾಗಿ ಕಾಣುತ್ತದೆ. ಆಮೇಲೆ ಪೂರ್ತಿ ಸಾಲು ಬಂದಾಗ ಆ ಎರಡೂ ಕಾಲನ್ನು ಸೇರಿಸಿ ಒಂದೇ ಸ್ಟಿಚ್ ಆಗಿ ಹೆಣೆಯಿರಿ. ಕಾಟನ್‌ನಲ್ಲಿ ಇದು ನೀಟಾಗಿ ಕೂರುತ್ತದೆ.

ಒಂದು ಎಚ್ಚರಿಕೆ. ಟಾಪಿನಲ್ಲಿ ಎದೆಯ ಭಾಗಕ್ಕೂ ಲೇಸ್ ಡಿಸೈನ್ ಇದ್ದರೆ ಶಾರ್ಟ್ ರೋ ಅದನ್ನು ಮುರಿಯುತ್ತದೆ. ಆಗ ಡಿಸೈನನ್ನು ನಡುವಿನ ಪಟ್ಟಿಗೆ ಅಥವಾ ಕೆಳಭಾಗಕ್ಕೆ ಇಟ್ಟುಕೊಂಡು ಎದೆಯ ಭಾಗ ಸಾದಾ ಹೆಣೆಯುವುದು ನನಗೆ ಇಷ್ಟ.

ಭುಜಕ್ಕೆ ಬರೋಣ. ಚೆನ್ನಾಗಿ ಕೂರುವ ಒಂದು ತೋಳಿಲ್ಲದ ಕುರ್ತಾ ತೆಗೆದು ಮಂಚದ ಮೇಲೆ ಹರಡಿ, ಅದರ ಭುಜದಿಂದ ಭುಜಕ್ಕೆ, ಕತ್ತಿನ ಅಗಲ, ಕಂಕುಳದ ಆಳ ಬರೆದುಕೊಳ್ಳಿ. ಟೇಲರ್‌ಗೆ ಅಳತೆ ಬ್ಲೌಸ್ ಕೊಟ್ಟು ಬರುವವರು ನಾವು, ನಮಗೂ ಒಂದು ಅಳತೆ ಬಟ್ಟೆ ಇಟ್ಟುಕೊಳ್ಳಬೇಕು. ಕಂಕುಳದ ಆಳ ಹೆಣೆಯುವಾಗ ಸಾಲಿನ ಎಣಿಕೆ ನಂಬಬೇಡಿ, ಇಂಚು ನಂಬಿ. ಪ್ಯಾಟರ್ನ್ 52 ಸಾಲು ಅಂದರೆ ಅವರ ಕೈಯಲ್ಲಿ 7 ಇಂಚಿನ ಹತ್ತಿರ. ನಿಮ್ಮ ಕೈಯಲ್ಲಿ 7 ಇಂಚಿಗೆ 48 ಅಥವಾ 49 ಸಾಲು ಸಾಕು. ನೇತಾಡಿ ಇಳಿಯುವುದನ್ನು ಲೆಕ್ಕ ಹಾಕಿ ಇನ್ನೂ ಎರಡು ಸಾಲು ಕಡಿಮೆ ಮಾಡಿದರೂ ನಡೆಯುತ್ತದೆ. ತೋಳಿಲ್ಲದ ಟಾಪಿನಲ್ಲಿ ಕಂಕುಳ ಆಳವಾದರೆ ಬ್ರಾ ಕಾಣುತ್ತದೆ, ಬೇರೆಲ್ಲ ಸರಿಯಿದ್ದರೂ ಆ ಟಾಪ್ ಬೀರುವಿನಲ್ಲೇ ಉಳಿದುಬಿಡುತ್ತದೆ.

ಕೊನೆಗೆ ಕತ್ತಿನ ಹಿಂಭಾಗ. ನಿಮ್ಮ ಯಾವುದಾದರೂ ಟೀ ಶರ್ಟನ್ನು ಒಳಮುಖ ಮಾಡಿ ನೋಡಿ. ಹಿಂದಿನ ಕತ್ತಿಗೆ ಒಂದು ಕಿರಿದಾದ ಪಟ್ಟಿ ಹೊಲಿದಿರುತ್ತಾರೆ. ಪೂರ್ತಿ ಬಟ್ಟೆಯ ಭಾರ ಅಲ್ಲೇ ಬೀಳುವುದರಿಂದ ಅದು ಹಿಗ್ಗದಿರಲಿ ಅಂತ. ನೀವೂ ಹಾಗೇ ಮಾಡಿ. ಎರಡೂ ಭುಜ ಜೋಡಿಸಿದ ಮೇಲೆ ಕ್ರೋಶಾ ಕಡ್ಡಿಯಲ್ಲಿ ಒಂದು ಭುಜದಿಂದ ಕತ್ತಿನ ಹಿಂದೆ ಹಾದು ಇನ್ನೊಂದು ಭುಜದವರೆಗೆ ಒಳಗಡೆಯಿಂದ ಒಂದು ಸಾಲು ಸ್ಲಿಪ್ ಸ್ಟಿಚ್ ಹಾಕಿ. ಕತ್ತಿನ ಪಟ್ಟಿಗೆ ಕಡ್ಡಿ ಒಂದು ನಂಬರ್ ಸಣ್ಣದಿರಲಿ. ನೇರ ಅಂಚಿನಲ್ಲಿ 4 ಸಾಲಿಗೆ 3 ಸ್ಟಿಚ್ ಎತ್ತಿಕೊಳ್ಳಿ. ಭುಜ ಜಾರುವುದು ಬಹುಮಟ್ಟಿಗೆ ಇಲ್ಲೇ ನಿಲ್ಲುತ್ತದೆ.

ಪ್ರಶ್ನೆ: ಉಲ್ಲನ್‌ಗೆ ಬರೆದ ಪ್ಯಾಟರ್ನನ್ನು ಕಾಟನ್‌ನಲ್ಲಿ ಹೆಣೆದೆ. ಕೆಳಗಿನ ರಿಬ್ (ನಿಟ್, ಪರ್ಲ್ ಸ್ಟಿಚ್ ಸರದಿಯಲ್ಲಿ ಬರುವ) ಬಾರ್ಡರ್ ಎರಡು ಸಲ ಹಾಕಿಕೊಳ್ಳುವಷ್ಟರಲ್ಲಿ ಸಡಿಲವಾಗಿ ಅಲೆಅಲೆಯಾಗಿ ನಿಂತಿದೆ. ಚಿಕ್ಕಪೇಟೆಯಲ್ಲಿ ಒಳ್ಳೆಯ ನೂಲೇ ತಂದಿದ್ದೆ.
— ಓದುಗರು, ಜಯನಗರ

ಉತ್ತರ: ನೂಲಿನ ತಪ್ಪಲ್ಲ. ರಿಬ್ ಒಳಕ್ಕೆ ಎಳೆದುಕೊಂಡೇ ಉಳಿಯುವುದು ಉಲ್ಲನ್‌ನ ಸ್ಪ್ರಿಂಗ್ ಗುಣದಿಂದ. ಕಾಟನ್‌ನಲ್ಲಿ ಅದನ್ನು ನಿರೀಕ್ಷಿಸುವ ಹಾಗಿಲ್ಲ. ಬಾರ್ಡರ್ ಮಾತ್ರ ಬಿಚ್ಚಿ, ಹತ್ತರಲ್ಲಿ ಒಂದು ಭಾಗ ಸ್ಟಿಚ್ ಕಡಿಮೆ ಮಾಡಿ, ಅರ್ಧ ಎಂಎಂ ಸಣ್ಣ ಕಡ್ಡಿಯಲ್ಲಿ ಮತ್ತೆ ಹೆಣೆಯಿರಿ. ನನ್ನನ್ನು ಕೇಳಿದರೆ ಬೇಸಿಗೆ ಟಾಪಿಗೆ ರಿಬ್ಬೇ ಬೇಡ. ಸಾದಾ ಹೆಣೆದು ಒಳಗೆ ಮಡಚಿ ಹೊಲಿದ ಅಂಚು, ಅಥವಾ ಒಂದು ಇಂಚು ಗಾರ್ಟರ್ (ಎರಡೂ ಕಡೆ ಒಂದೇ ಥರ ಕಾಣುವ ಹೆಣಿಗೆ) ಅಂಚು ನೇರವಾಗಿ ನಿಲ್ಲುತ್ತದೆ, ಸೊಂಟದ ಹತ್ತಿರ ಗಾಳಿಯೂ ಆಡುತ್ತದೆ. ಒಗೆದ ಮೇಲೆ ಹ್ಯಾಂಗರ್‌ಗೆ ಹಾಕಬೇಡಿ. ಟವೆಲ್‌ನಲ್ಲಿ ಸುತ್ತಿ ನೀರು ಹೀರಿಸಿ, ಮಲಗಿಸಿ ಒಣಗಿಸಿ. ಜೂನ್ ಜುಲೈ ಮಳೆಯಲ್ಲಿ ದಪ್ಪ ಕಾಟನ್ ಬೇಗ ಒಣಗುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ. ಫ್ಯಾನ್ ಕೆಳಗೆ ಹರಡಿ, ಮಧ್ಯೆ ಒಮ್ಮೆ ತಿರುಗಿಸಿ.

ಪ್ರಶ್ನೆ: ಕತ್ತಿನಿಂದ ಕೆಳಕ್ಕೆ ಹೆಣೆಯುವ ಟಾಪ್. ತೋಳು ಬೇರೆ ಮಾಡಿ ಎರಡು ಇಂಚು ಇಳಿದಿದ್ದೇನೆ. ಎದೆಯ ಹತ್ತಿರ ತುಂಬಾ ಅಗಲ ಅನ್ನಿಸುತ್ತಿದೆ. ಪೂರ್ತಿ ಬಿಚ್ಚಬೇಕಾ?
— ಓದುಗರು, ವಿಜಯನಗರ

ಉತ್ತರ: ಪೂರ್ತಿ ಬೇಡ. ಮೊದಲು ಸ್ಟಿಚ್‌ಗಳನ್ನೆಲ್ಲ ಬೇರೆ ಬಣ್ಣದ ಉದ್ದ ದಾರಕ್ಕೆ ದಾಟಿಸಿ, ಟಾಪ್ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲಿ. ಕಡ್ಡಿಯ ಮೇಲಿರುವಾಗ ಅಗಲ ಸರಿಯಾಗಿ ಗೊತ್ತಾಗುವುದಿಲ್ಲ. ಭುಜ, ಕತ್ತು ಸರಿಯಿದೆ, ಕಂಕುಳ ಕೆಳಗೆ ಮಾತ್ರ ಅಗಲ ಅಂದರೆ, ತೋಳು ಬೇರೆ ಮಾಡಿದ ಜಾಗದವರೆಗೆ ಬಿಚ್ಚಿ. ಅಲ್ಲಿ ಕಂಕುಳಕ್ಕೆ ಅಂತ ಹೊಸದಾಗಿ ಹಾಕಿದ ಸ್ಟಿಚ್ ಇರುತ್ತವಲ್ಲ, ಅವನ್ನು ಕಡಿಮೆ ಮಾಡಿ. ಪ್ರತಿ ಕಂಕುಳದಲ್ಲಿ 5 ಕಡಿಮೆ ಆದರೆ, ಇಂಚಿಗೆ 5 ಸ್ಟಿಚ್ ಲೆಕ್ಕದಲ್ಲಿ ಸುತ್ತಳತೆ 2 ಇಂಚು ಇಳಿಯುತ್ತದೆ. ತೋಳಿನ ಸುತ್ತೂ ಒಂದೊಂದು ಇಂಚು ಕಡಿಮೆಯಾಗುತ್ತದೆ ಅನ್ನುವುದು ನೆನಪಿರಲಿ. ಬಿಚ್ಚುವ ಮುಂಚೆ ತೋಳಿನ ದಪ್ಪವನ್ನು ಒಮ್ಮೆ ಅಳೆದುಕೊಳ್ಳಿ. ಭುಜವೇ ಜಾರುತ್ತಿದ್ದರೆ ಮಾತ್ರ ಮೇಲಿನಿಂದ ಮತ್ತೆ ಶುರು ಮಾಡಿ. ಬಿಚ್ಚಿದ ನೂಲನ್ನು ಲಡಿ ಮಾಡಿ, ನೆನೆಸಿ, ಒಣಗಿಸಿ ಬಳಸಿ. ಗುಂಗುರಾಗಿರುವ ನೂಲಿನಲ್ಲಿ ಹಾಗೇ ಹೆಣೆದರೆ ಸ್ಟಿಚ್ ಎಣಿಕೆ ಮತ್ತೆ ತಪ್ಪುತ್ತದೆ.